ನಲ್ಲಿಯ ಪಕ್ಕದ ಟವೆಲು

ಒಂದು ಪ್ರಾಥಮಿಕ ಶಾಲೆಯ ನಲ್ಲಿಯ ಮೇಲೆ, ಬಲೆಚೀಲದೊಳಗೆ, ಸೋಪಿನ ಸಣ್ಣ ತುಂಡೊಂದು ತೂಗುತ್ತಿತ್ತು. ಪಕ್ಕದ ಮೊಳೆಯಲ್ಲಿ ನಲವತ್ತು ಮಕ್ಕಳಿಗೂ ಸೇರಿ ಒಂದೇ ಟವೆಲು. ಆ ಟವೆಲಿನ ಜಂಭವೋ, ಕೇಳಲೇಬೇಡಿ!

"ಎಲೈ ಸೋಪೇ, ನೀನು ದಿನದಿನಕ್ಕೂ ಸವೆಯುತ್ತೀ. ನಾನು ನೋಡು, ಜೂನ್ ತಿಂಗಳಿಂದ ಹೀಗೇ ಇದ್ದೇನೆ. ಈ ಶಾಲೆಯಲ್ಲಿ ನನ್ನನ್ನು ಮುಟ್ಟದ ಮಗುವೇ ಇಲ್ಲ!"

"ನನ್ನ ಭಯವೂ ಅದೇ, ದೊರೆಯೇ," ಎಂದಿತು ಸೋಪು. "ಈಗ ತಾನೇ ಮೂರನೇ ತರಗತಿಯ ಸಾವಂತ್ರಿ ತನ್ನ ಕೆಂಪು ಕಣ್ಣನ್ನು ನಿನ್ನಲ್ಲಿ ಒರೆಸಿಕೊಂಡು ಹೋದಳು. ನಾನು ತೆಗೆದ ಕೊಳೆ ಚರಂಡಿಗೆ ಹೋಗುತ್ತದೆ. ನೀನು ತೆಗೆದದ್ದು ಮುಂದಿನ ಮಗುವಿನ ಮುಖಕ್ಕೆ. ಗಾಳಿ ಬೀಸಿದಾಗ ಕೆಳಗೆ ಬಿದ್ದುಬಿಡು. ಯಾರಾದರೂ ಎತ್ತಿ ಒಗೆಯಲಿ."

"ಬೀಳುವುದೇ? ನಾನೇ? ಛೀ! ಭೇದಭಾವ ನನಗೆ ಗೊತ್ತಿಲ್ಲ. ಎಲ್ಲರಿಗೂ ಸಮನಾಗಿ ಕೊಡುವವನು ನಾನು!"

ಕೊಟ್ಟಿತು ನೋಡಿ! ಗುರುವಾರದ ಹೊತ್ತಿಗೆ ಹದಿನೇಳು ಮಕ್ಕಳ ಕಣ್ಣು ಕೆಂಪಾಗಿ, ಅರ್ಧ ಶಾಲೆ ಖಾಲಿ. ಸರೋಜಾಬಾಯಿ ಟೀಚರ್ ಟವೆಲನ್ನು ಕೋಲಿನ ತುದಿಯಿಂದ ಎತ್ತಿ, ಕುದಿಯುವ ನೀರಿಗೆ ಹಾಕಿ, ಬಿಸಿಲಲ್ಲಿ ಒಣಗಿಸಿ, ಬಾಗಿಲಿಗೆ ಕಾಲೊರಸು ಮಾಡಿ ಹಾಸಿದರು. ಮಕ್ಕಳಿಗೆ ತಂತಮ್ಮ ಕರ್ಚೀಫು ತರಲು ಹೇಳಿದರು.

ಕಣ್ಣು ವಾಸಿಯಾಗಿ ಮರಳಿ ಬಂದ ಮಕ್ಕಳು ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದು, ಬಾಗಿಲಲ್ಲಿ ಮಣ್ಣುಗಾಲು ಒರೆಸಿ ಒಳಗೆ ಹೋದರು. ನಲವತ್ತನೆಯ ಮಗು ತುಳಿದು ದಾಟಿದ ಮೇಲೆ ಕಾಲೊರಸು ನಲ್ಲಿಯ ಕಡೆಗೆ ಕೂಗಿ ಹೇಳಿತು: "ನೋಡಿದೆಯಾ ಸೋಪೇ? ಈಗಲೂ ನನ್ನನ್ನು ಮುಟ್ಟದ ಮಗುವೇ ಇಲ್ಲ!"