ಒರತೆಗೆ ಗೋಡೆ ಕಟ್ಟಿದವನು

ಶಿಷ್ಯ ಶೆಮಾಯನು ಗುರು ಅಮರ್ಯರನ್ನು ಕೇಳಿದನು: "ಗುರುಗಳೇ, ದುಷ್ಟರ ಮೇಲೆ ದೇವರ ತೀರ್ಪು ಬರುವುದು ಖಂಡಿತ ಎಂದು ಪ್ರವಾದಿಗಳು ಬರೆದಿದ್ದಾರೆ. ಆದರೆ ನಮ್ಮೂರಿನ ದುಷ್ಟರು ಹೊಟ್ಟೆತುಂಬ ಉಂಡು, ಸುಖವಾಗಿ ನಿದ್ದೆ ಮಾಡುತ್ತಿದ್ದಾರೆ. ತೀರ್ಪು ಬರುವುದು ಯಾವಾಗ?"

ಗುರುಗಳು ಹೇಳಿದರು:

ಯೆಹೂದದ ಗುಡ್ಡಗಳ ನಡುವೆ ಒಂದು ಊರಿತ್ತು. ಊರಿಗೆಲ್ಲ ಇದ್ದದ್ದು ಒಂದೇ ಒರತೆ. ಅಲ್ಲಿನ ಒಡೆಯನೊಬ್ಬ ಆ ಒರತೆಯ ಪಕ್ಕದಲ್ಲಿ ಮನೆ ಕಟ್ಟಿಸಿದನು. ಆಮೇಲೆ ಒರತೆಯ ಸುತ್ತ ಗೋಡೆ ಎಬ್ಬಿಸಿ, ಊರಿಗೆ ಹರಿಯುತ್ತಿದ್ದ ಕಾಲುವೆಯನ್ನು ಮುಚ್ಚಿಸಿದನು. ನೀರೆಲ್ಲ ಅವನ ದ್ರಾಕ್ಷಿತೋಟಕ್ಕಾಯಿತು. ಬಡವರು ಹೊಂಡದ ಕೊಳೆನೀರು ಕುಡಿದರು. ಮಕ್ಕಳು ವಾಂತಿಭೇದಿಯಿಂದ ಸತ್ತರು.

ಒಬ್ಬ ಕುಂಬಾರ ಅವನ ಬಾಗಿಲಿಗೆ ಬಂದು, "ಒಡೆಯರೇ, ದೇವರು ನೋಡುತ್ತಿದ್ದಾನೆ. ನೀರು ಬಿಡಿ" ಎಂದನು. ಆಳುಗಳು ಅವನನ್ನು ಹೊಡೆದು ಅಟ್ಟಿದರು.

ಒಡೆಯನ ತಾಯಿ ಊಟಕ್ಕೆ ಕುಳಿತಿದ್ದಾಗ ಬಟ್ಟಲನ್ನು ಆಚೆಗೆ ಸರಿಸಿ, "ಮಗನೇ, ಈ ನೀರು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ" ಎಂದಳು. ಅವನು ಅವಳನ್ನು ದೂರದ ಹಳ್ಳಿಗೆ ಕಳುಹಿಸಿಬಿಟ್ಟನು.

ಕೊನೆಗೆ ಒರತೆಯ ಕಾವಲುಗಾರನೇ ಬಂದು ಕಾಲಿಗೆ ಬಿದ್ದನು. "ಒಡೆಯರೇ, ಈಗಷ್ಟೇ ನನ್ನ ಮಗಳನ್ನು ಮಣ್ಣು ಮಾಡಿ ಬಂದೆ. ಇನ್ನಾದರೂ ಕಾಲುವೆ ತೆರೆಸಿ. ಈ ಮನೆ ಉಳಿಯುವುದಿಲ್ಲ." ಒಡೆಯ ಅವನ ನಾಲಿಗೆ ಕತ್ತರಿಸಿ, ಮತ್ತೆ ಅದೇ ಕಾವಲಿಗೆ ನಿಲ್ಲಿಸಿದನು.

ಅಂದಿನಿಂದ ಅವನ ಮುಂದೆ ಯಾರೂ ಆ ಮಾತು ಎತ್ತಲಿಲ್ಲ. ಏಳು ವರ್ಷ ತೋಟ ತುಂಬಿ ಫಲ ಕೊಟ್ಟಿತು. "ದೇವರು ನನ್ನನ್ನು ಮರೆತಿದ್ದಾನೆ" ಎಂದು ಅವನು ನಗುತ್ತಿದ್ದನು.

ಆದರೆ ಒರತೆಯ ಗೋಡೆಯೊಳಗೆ ಕಟ್ಟಿ ನಿಂತ ನೀರು ನೆಲದೊಳಗೆ ದಾರಿ ಮಾಡಿಕೊಂಡು ಮನೆಯ ಅಡಿಪಾಯಕ್ಕೆ ಇಳಿಯಿತು. ಹಿಂಗೋಡೆ ಬಿರುಕು ಬಿಟ್ಟಿತು. ಆಳುಗಳು ಅದನ್ನು ಕಂಡರು, ಹೇಳಲು ಹೆದರಿದರು. ಕಾವಲುಗಾರನೂ ಕಂಡನು. ದ್ರಾಕ್ಷಿ ಕೊಯ್ಲಿನ ಹಬ್ಬದ ದಿನ ಆಳುಗಳು ಒಬ್ಬೊಬ್ಬರಾಗಿ ತಮ್ಮ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದರು. ಮಧ್ಯಾಹ್ನ, ಒಡೆಯನು ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಡನೆ ಊಟಕ್ಕೆ ಕುಳಿತಿದ್ದಾಗ, ಮನೆ ಕುಸಿಯಿತು. ಕಲ್ಲುಗಳ ಅಡಿಯಿಂದ ಕೂಗು ಸಂಜೆಯವರೆಗೂ ಕೇಳುತ್ತಿತ್ತು. ಕಲ್ಲು ಎತ್ತಲು ಊರಿನವರು ಒಬ್ಬರೂ ಬರಲಿಲ್ಲ.

ಶೆಮಾಯನು, "ಹಾಗಾದರೆ ಅವನಿಗೆ ತೀರ್ಪು ಕೊಡಲು ದೇವರು ಏಳು ವರ್ಷ ಕಾದನೇ?" ಎಂದು ಕೇಳಿದನು.

"ಇಲ್ಲ, ಅವನಿಗೆ ಎಚ್ಚರಿಕೆ ಹೇಳುವವರು ಒಬ್ಬರೂ ಇಲ್ಲದಂತಾದ ದಿನವೇ ತೀರ್ಪು ಮುಗಿದಿತ್ತು" ಎಂದರು ಗುರುಗಳು.