ಸಿದ್ದವ್ವನ ಬಾಗಿಲು

ಮಾಳಿಂಗ ಮೊದಲ ಸಲ ಊರು ಬಿಟ್ಟು ನಡೆದದ್ದು ಒಂದು ನಾಗರಪಂಚಮಿಯ ದಿನ. ಮಠದ ಶಾಲೆಯಲ್ಲಿ ಮರಳ ಮೇಲೆ ಅಕ್ಷರ ತಿದ್ದುತ್ತ ಕೂತಿದ್ದವನನ್ನು ಅವ್ವ ಬಾಗಿಲಲ್ಲಿ ನಿಂತು ಕರೆದಳು. ಅವಳ ಬೆನ್ನಿಗೆ ಅರಸನ ಆಳುಗಳಿದ್ದರು. ಅವ್ವ ಸಿದ್ದವ್ವ ಸಿರಿವೊಳಲಿನ ಸೂಲಗಿತ್ತಿ. ರಾಣಿ ಹೆರಿಗೆನೋವಿನಲ್ಲಿ ಕೂಗಿದಾಗ ಅವಳು ತಡವಾಗಿ ಬಂದಳು, ಹೆಣ್ಣುಮಗು ಉಳಿಯಿತು, ರಾಣಿ ಉಳಿಯಲಿಲ್ಲ ಎಂದು ಅರಸ ಅವಳನ್ನು ಗಡಿಯಾಚೆ ಅಟ್ಟಿದ. "ನಾ ಓಡೇ ಬಂದಿದ್ದೆ ಮಗಾ" ಎನ್ನುತ್ತಲೇ ಅವಳು ಪರಸ್ಥಳದ ಒಂದು ಛತ್ರದಲ್ಲಿ ಕಣ್ಣು ಮುಚ್ಚಿದಳು. ಶಾಲೆ ಅಲ್ಲಿಗೇ ಮುಗಿಯಿತು. ಆಮೇಲೆ ಮಾಳಿಂಗನ ಕಾಲು ಎಲ್ಲೂ ನಿಲ್ಲಲಿಲ್ಲ.

ಮೀಸೆ ಬಲಿತ ಮೇಲೆ ಒಂದು ಸಂತೆಯಲ್ಲಿ ಬುತ್ತಿ ಬಿಚ್ಚುತ್ತಿದ್ದಾಗ ಡಂಗುರ ಕೇಳಿಸಿತು.

"ಕೇಳ್ರಪ್ಪೋ ಕೇಳಿ! ಸಿರಿವೊಳಲಿನ ದೊರೆ ಇರುಂಗರಸರು ಹೊಸ ಊರು ಕಟ್ಟಿಸುತ್ತಾರೆ. ಕುವರಿ ಬಾಚಲದೇವಿಯವರ ಮೂರು ಒಗಟು ಬಿಡಿಸಿದವನು ಹೇಳಿದಂತೆ ಊರು, ಅವನಿಗೇ ಕುವರಿ. ತಪ್ಪಿದವನ ತಲೆ ಕಂದಕಕ್ಕೆ!"

ಮಾಳಿಂಗನಿಗೆ ಊರೂ ಬೇಕಿರಲಿಲ್ಲ, ಕುವರಿಯೂ ಬೇಕಿರಲಿಲ್ಲ. ಅವ್ವ ಓಡಿಯೇ ಬಂದಿದ್ದಳು ಎಂಬ ಒಂದು ಮಾತು ಆ ಅರಸನ ಬಾಯಿಂದ ಬರಬೇಕಿತ್ತು. ಬುತ್ತಿ ಕಟ್ಟಿ ಎದ್ದ.

ಅರಮನೆಯ ಓಲಗದ ನಡುವೆ ಮಣ್ಣಿನ ಬೊಂಬೆಯೂರು ಇತ್ತು. ಶಿಲ್ಪಿಗಳು ಸಿರಿವೊಳಲನ್ನು ನೂಲು ಹಿಡಿದು ಅಳೆದು ಮಾಡಿದ್ದು. ಕೋಟೆ, ಬೀದಿ, ಬಾವಿ ಎಲ್ಲ ಇದ್ದವು, ಮನೆಗಳೆಲ್ಲ ಹುಣಸೆಬೀಜದಷ್ಟು. ಹೊಸ ಊರೂ ಇದರಂತೆಯೇ ಆಗಬೇಕೆಂದು ಅರಸನ ಆಸೆ.

ಮಾಳಿಂಗನ ಮುಂದೆ ಮೂವರಿದ್ದರು. ಪಾಳೆಗಾರನ ಮಗ ಮೊದಲನೆಯದಕ್ಕೇ "ನೆರಳು" ಎಂದು ಕಂದಕಕ್ಕೆ ಹೋದ. ಶಿಲ್ಪಿಯೊಬ್ಬ ಮೊದಲನೆಯದನ್ನು ಕುವರಿಯ ಕಿವಿಯಲ್ಲಿ ಹೇಳಿ ಗೆದ್ದ, ಎರಡನೆಯದಕ್ಕೆ "ನೂಲು" ಎಂದು ಹೋದ. ಸೆಟ್ಟಿಯ ಮಗ ಎರಡು ದಾಟಿದ. ಮೂರನೆಯದಕ್ಕೆ "ಜಗಳ" ಎಂದ. ಅವನು ಅಳುತ್ತ ಹೋದದ್ದನ್ನು ನೋಡಿ ಮಾಳಿಂಗ ತನ್ನ ಕುತ್ತಿಗೆ ಸವರಿಕೊಂಡ.

"ಏನಪ್ಪಾ ದಾರಿಹೋಕ, ತಲೆ ಭಾರವಾಯಿತೇನು?" ಎಂದು ತಲೆ ಕಡಿಯಲು ನಿಂತಿದ್ದ ಕೊಡಲಿಯವನು ನಕ್ಕ.

"ಮೊದಲಿಂದಲೂ ಹಗುರವೇ ಅಣ್ಣಾ, ಅದಕ್ಕೇ ಗಾಳಿ ಬಂದ ಕಡೆ ಹೋಗುತ್ತೀನಿ."

ಕುವರಿ ಕೇಳಿದಳು. "ಒಂದು ದಾರಿಯಿದೆ. ಹೋಗುವಾಗ ಗಿಡ್ಡ, ಬರುವಾಗ ಉದ್ದ. ಯಾರೂ ಎಳೆದಿಲ್ಲ, ಯಾರೂ ಕತ್ತರಿಸಿಲ್ಲ. ಯಾವುದದು?"

"ಬಾವಿಯ ದಾರಿ ತಾಯಿ. ಹೋಗುವಾಗ ಖಾಲಿ ಕೊಡ, ಬರುವಾಗ ತುಂಬಿದ ಕೊಡ."

"ಒಂದು ಅಳತೆಗೋಲಿದೆ. ಕೈಯಲ್ಲಿ ಹಿಡಿಯಲಾಗದು. ಒಬ್ಬರ ಬಾಯಲ್ಲಿ ಹುಟ್ಟಿ ಇನ್ನೊಬ್ಬರ ಕಿವಿಯಲ್ಲಿ ಮುಗಿಯುತ್ತದೆ."

"ಕೂಗು. ದಾರಿ ಕೇಳಿದರೆ ಊರೂರಲ್ಲೂ ಕೂಗಳತೆ ಎಂದೇ ಹೇಳುತ್ತಾರೆ."

ಮೂರನೆಯದನ್ನು ಕೇಳುವಾಗ ಕುವರಿ ಕಣ್ಣನ್ನು ಬೊಂಬೆಯೂರಿನ ಅರಮನೆಯ ಮೇಲಿಟ್ಟಳು. "ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಮನೆ. ಆಚೆಯ ಒಲೆಯ ಹೊಗೆ ಈಚೆಯವರ ಕಣ್ಣಿಗೆ. ಈಚೆ ಕೂಗಿದರೆ ಆಚೆ ಕೇಳಿಸುತ್ತದೆ. ಆದರೂ ಆಚೆಯವಳು ಹೊತ್ತಿಗೆ ಬರಲಿಲ್ಲ. ನಡುವೆ ಅಡ್ಡ ಬಂದದ್ದೇನು?"

"ಇಲ್ಲದ ಬಾಗಿಲು."

"ತಪ್ಪು!" ಅರಸ ಎದ್ದು ನಿಂತ. "ಅಡ್ಡ ಬಂದದ್ದು ಸೋಮಾರಿತನ. ಇಗೋ ನೋಡು, ಇದು ಅರಮನೆ, ಇದು ಆ ಸೂಲಗಿತ್ತಿಯ ಮನೆ. ಇದರಿಂದ ಅದಕ್ಕೆ ಒಂದು ಬೆರಳಿನಷ್ಟು ದೂರ. ಒಂದು ಬೆರಳಿನ ದಾರಿಗೆ ಅಷ್ಟು ಹೊತ್ತೇ?"

ಕೊಡಲಿಯವನು ಮಾಳಿಂಗನ ರಟ್ಟೆ ಹಿಡಿದ.

"ಬೆರಳು ಗೋಡೆ ದಾಟುತ್ತದೆ ದೊರೆ, ಕಾಲು ದಾಟುತ್ತದೆಯೇ? ನನ್ನ ತಲೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಯಾರನ್ನಾದರೂ ಆ ಮನೆಯಿಂದ ಓಡಿಸಿ ನೋಡಿ."

"ನಾನೇ ಓಡುತ್ತೇನೆ, ಅಪ್ಪಾಜಿ," ಎಂದಳು ಕುವರಿ.

ಅವಳನ್ನು ಮೇನೆಯಲ್ಲಿ ಸೂಲಗಿತ್ತಿಯ ಹಾಳುಮನೆಗೆ ಒಯ್ದರು. ಓಲಗದಲ್ಲಿ ಹೊತ್ತು ಅಳೆಯುವ ಗಳಿಗೆಬಟ್ಟಲನ್ನು ನೀರಿಗೆ ಬಿಡಲು ಸಿದ್ಧ ಮಾಡಿಟ್ಟರು. ಗೋಡೆಯಾಚೆಯಿಂದ "ಹೊರಟೆ!" ಎಂಬ ಕೂಗು ಪಕ್ಕದಲ್ಲೇ ನಿಂತು ಕರೆದಂತೆ ಕೇಳಿಸಿತು. ಬಟ್ಟಲು ತೇಲಿತು. ತಳದ ತೂತಿನಿಂದ ನೀರು ಏರಿತು. ಅರಸ ಬಾಗಿಲು ನೋಡಿದ, ಬಟ್ಟಲು ನೋಡಿದ. ಬಟ್ಟಲು ಮುಳುಗಿತು. ಮತ್ತೆ ತೇಲಿಬಿಟ್ಟರು. ಅದೂ ಅರ್ಧ ತುಂಬಿದ ಮೇಲೆ ಕುವರಿ ಬಂದು ಕಂಬ ಹಿಡಿದು ನಿಂತಳು. ಪಾದವೆಲ್ಲ ಧೂಳು.

"ಪೇಟೆ ಬೀದಿ... ಆನೆಬಾಗಿಲು... ಮತ್ತೆ ಒಳಗೋಡೆಯ ಸುತ್ತು... ಅಪ್ಪಾಜಿ, ಅವಳು ಓಡಿಯೇ ಬಂದಿರಬೇಕು."

ಅರಸ ಮಾಳಿಂಗನ ರಟ್ಟೆ ಹಿಡಿದಿದ್ದ ಕೈಯನ್ನು ತಾನೇ ಬಿಡಿಸಿದ. "ಯಾರ ಮಗನಪ್ಪಾ ನೀನು?" ಎಂದ.

"ಸಿದ್ದವ್ವನ ಮಗ."

"ಅವಳೆಲ್ಲಿ?"

"ದಾರಿಯಲ್ಲೇ ಉಳಿದಳು ದೊರೆ."

ಮಾಳಿಂಗ ಬೊಂಬೆಯೂರಿನಿಂದ ಅವ್ವನ ಮನೆಯನ್ನು ಕಿತ್ತ. ಅಂಗೈಯಲ್ಲಿಟ್ಟುಕೊಂಡು ಓಲಗದ ಉದ್ದಕ್ಕೂ ನಡೆದು ಹೊಸ್ತಿಲ ಬಳಿ ಇಟ್ಟ. "ಅವತ್ತು ಅವ್ವನ ಮನೆ ಇಷ್ಟು ದೂರವಿತ್ತು. ಹೊಸ ಊರನ್ನು ಹೊತ್ತಿನಲ್ಲಿ ಅಳೆದು ಕಟ್ಟಿಸಿ. ನೂಲಿನಲ್ಲಿ ಬೇಡ."

ಅರಸ ತಲೆಯಾಡಿಸಿದ. ಕಂದಕದ ಕಡೆ ಒಮ್ಮೆ ನೋಡಿದ. ಕೊಡಲಿಯವನಿಗೆ ಕೊಡಲಿ ಕೆಳಗಿಡುವಂತೆ ಸನ್ನೆ ಮಾಡಿದ.

ಮದುವೆಯ ಮಾತು ಬಂದಾಗ ಮಾಳಿಂಗ ಕೈಮುಗಿದು, ತನ್ನದು ಮನೆ ಹಿಡಿಯುವ ಕಾಲಲ್ಲ ಎಂದ. ಕುವರಿ ಬೇಸರಪಡಲಿಲ್ಲ. ಅವನು ಕೇಳಿದ್ದು ಎರಡೇ, ಅವ್ವನ ಮನೆಗೂ ಅರಮನೆಗೂ ನಡುವಿನ ಗೋಡೆಗೊಂದು ಬಾಗಿಲು ಮತ್ತು ಒಂದು ಡಂಗುರ. ಎರಡೂ ಸಿಕ್ಕವು.

ಬಾಗಿಲು ಇಟ್ಟ ದಿನ ಅವನು ಅವ್ವನ ಹಾಳುಮನೆಯ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಬಾಯಿಗಿಟ್ಟ. ಬಾಯಿ ಕೆಂಪಾಗುವ ಮೊದಲೇ ಕುವರಿ ಆ ಬಾಗಿಲಿನಿಂದ ಇಳಿದು ಬಂದು ಎದುರು ನಿಂತಳು.

"ಇಷ್ಟೇ ದಾರಿ," ಎಂದಳು.

ಪೇಟೆಯ ಕಡೆ ಡಂಗುರ ಸಾರುತ್ತಿತ್ತು. "ಸೂಲಗಿತ್ತಿ ಸಿದ್ದವ್ವ ಓಡಿಯೇ ಬಂದಿದ್ದಳು! ದೊರೆಯ ಬಾಯಿಂದ ಬಂದ ಮಾತು, ಕೇಳಿ!"

ಮಾಳಿಂಗ ಎದ್ದು ಕಂಬಳಿ ಮಡಚತೊಡಗಿದ.

"ಇನ್ನೂ ಯಾಕೆ ಹೋಗುತ್ತೀ? ಕೇಳಲಿಲ್ಲವೇ, ಊರಿಗೆಲ್ಲ ಸಾರುತ್ತಿದ್ದಾರೆ."

"ಡಂಗುರ ಗಡಿಯವರೆಗೆ ತಾಯಿ. ಅವ್ವ ಮಲಗಿರುವುದು ಅದರಾಚೆ. ಅಲ್ಲಿಗೆ ಇದು ಕೇಳಿಸುವುದಿಲ್ಲ," ಎಂದು ಕಂಬಳಿಗೆ ಗಂಟು ಬಿಗಿದ. "ನಾನೇ ನಡೆದುಹೋಗಿ ಹೇಳಬೇಕು."