ಕೊನೇ ಸೀಟಿನ ಟವೆಲ್

ನಾಗರಹೊಳೆಯ ಕಾಡು ನೆಟ್ಟವನೇ ನಾನು. ಸುಳ್ಳು ಬಿಡಿ, ನಾನು ನೆಟ್ಟಿದ್ದು ಒಂದು ನುಗ್ಗೆಗಿಡ, ಅದೂ ಒಣಗಿತು. ಆದರೆ ಈ ಗುಮಾಸ್ತನ ಕತೆ ಮಾತ್ರ ನಿಜ.

ಅವನ ಕಚೇರಿಯವರೆಲ್ಲ ಒಂದು ದಿನ ಬಸ್ಸಿನಲ್ಲಿ ಆ ಕಾಡಿಗೆ ಹೋಗುವುದೆಂದಾಯಿತು. ಮುಂದಿನ ಕಿಟಕಿ ಸೀಟನ್ನು ಗುಮಾಸ್ತ ತನ್ನ ತಾಯಿಗೆಂದು ಕಾಯ್ದಿರಿಸಿದ್ದ. ಹಿಂದೆ ಕೂತರೆ ಆಕೆಗೆ ವಾಂತಿ. ಸೂಪರಿಂಟೆಂಡೆಂಟ್ ಪರಶಿವಮೂರ್ತಿಗಳಿಗೆ ಹೊಟ್ಟೆ ಉರಿಯಿತು. ಬೇರೆಯವರ ಬುತ್ತಿಯಲ್ಲಿ ಉಪ್ಪಿನಕಾಯಿ ಕಂಡರೂ ಉರಿಯುವ ಹೊಟ್ಟೆ ಅದು.

"ಎಲ್ಲರಿಗಿಂತ ಒಳ್ಳೇ ಸೀಟು ನನಗೆ. ಇಲ್ಲದಿದ್ರೆ ಯಾರಿಗೂ ರಜೆ ಇಲ್ಲ ಕಣಯ್ಯ!"

ಹೊರಡುವ ಬೆಳಿಗ್ಗೆ ಗುಮಾಸ್ತ ಮೊದಲೇ ಬಸ್ಸು ಹತ್ತಿ, ಕೊನೇ ಸೀಟಿಗೆ ಟವೆಲ್ ಹಾಕಿ, ಪಕ್ಕದಲ್ಲೇ ಕಾವಲು ನಿಂತ.

"ಅಲ್ಲೇನಯ್ಯ ವಿಶೇಷ?" ಸಾಹೇಬರು ಕೇಳಿದರು.

"ಏನಿಲ್ಲ ಸಾರ್... ಬಸ್ಸು ದಾಟಿಹೋದ ಮೇಲೇ ಹುಲಿ ರಸ್ತೆಗಿಳಿಯುತ್ತಂತೆ, ಹಿಂದಿನ ಗಾಜಿಗಷ್ಟೇ ಕಾಣೋದಂತೆ. ನೀವು ಮುಂದೇನೇ ಕೂತ್ಕೊಳ್ಳಿ."

"ನನಗೇ ಟೋಪಿ ಹಾಕ್ತೀಯಾ?" ಟವೆಲ್ ಕಿತ್ತೆಸೆದು ಸಾಹೇಬರು ಅಲ್ಲೇ ಕೂತರು.

ಕಾಡಿನಲ್ಲಿ ಪ್ರತಿ ಹಳ್ಳಕ್ಕೂ ಅವರ ತಲೆ ಚಾವಣಿಗೆ ಬಡಿಯಿತು. ಒಮ್ಮೆ ಕಿರುಚಿದರು: "ಹುಲಿ! ಹಿಂದೆ ಹುಲಿ!"

ಎಲ್ಲರೂ ತಿರುಗುವಷ್ಟರಲ್ಲಿ ರಸ್ತೆ ಖಾಲಿ.

"ನಿಜವಾಗ್ಲೂ ಕಂಡೆ ಕಣ್ರೀ! ಸ್ವಲ್ಪ ಹೊಟ್ಟೆಕಿಚ್ಚಾದ್ರೂ ಪಡ್ರೀ!"

ಮುಂದಿನ ಸೀಟಿನಿಂದ ಗುಮಾಸ್ತನ ತಾಯಿ ಹೇಳಿದಳು: "ತಲೆಗೆ ಜೋರಾಗಿ ಪೆಟ್ಟು ಬಿದ್ದಿದೆ, ಪಾಪ. ಅವರಿಗೆ ಒಂದಿಷ್ಟು ನೀರು ಕೊಡಪ್ಪ."

ನಕ್ಕಿರಲ್ಲ? ಹಾಗಾದರೆ ಕತೆ ಹೇಳಿದ್ದಕ್ಕೆ ನಾನು ಕುಡಿದ ಈ ಟೀ ದುಡ್ಡು ನೀವೇ ಕೊಟ್ಟುಬಿಡಿ.